ಮಿತಾಹಾರದಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶಗಳ ಪೂರೈಕೆ
(ಪುಣೆಯ ಕನ್ನಡ ಬಂಧುಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ದೇಹದ ತೂಕವನ್ನು ಇಳಿಸಬೇಕೆಂಬ ಆಸಕ್ತಿ ಇಂದು ನಗರಗಳ ಮನೆಮನೆಯಲ್ಲಿಯೂ ಕಂಡುಬರುತ್ತಿದೆ. ಮಧುಮೇಹ, ರಕ್ತದ ಏರೊತ್ತಡ ಹಾಗೂ ಹೃದ್ರೋಗಗಳನ್ನು ದೂರವಿಡಲು ಇದು ಸ್ವಾಗತಾರ್ಹವೇ ಸರಿ. ಆದರೆ ದಿನನಿತ್ಯದ ಊಟದಲ್ಲಿ ಮೂರನೆಯ ಒಂದು ಭಾಗವನ್ನು ಬಿಟ್ಟರೆ ಕ್ಯಾಲರಿಯೊಂದೇ ಕಡಿಮೆಯಾಗುವುದಿಲ್ಲ. ಅದರೊಡನೆ ಕಬ್ಬಿಣಾಂಶವೂ ಸುಣ್ಣಾಂಶವೂ, ಎಂದರೆ ಕ್ಯಾಲ್ಸಿಯಂ ಕೂಡ, ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. ದೇಹಕ್ಕೆ ಇವುಗಳ ಅಗತ್ಯ ಮಾತ್ರ ಎಳ್ಳಷ್ಟೂ ಇಳಿಯುವುದಿಲ್ಲ. ಈ ಅಂತರವನ್ನು ಹೇಗೆ ತುಂಬಬೇಕು ಎಂಬುದೇ ಇಂದಿನ ನಮ್ಮ ವಿಚಾರ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ಕುಳಿತು ಕೆಲಸ ಮಾಡುವ ವಯಸ್ಕ ಸ್ತ್ರೀಗೆ ದಿನಕ್ಕೆ 1,660 ಕಿಲೋ ಕ್ಯಾಲರಿ ಶಕ್ತಿ, 29 ಮಿಲಿಗ್ರಾಂ ಕಬ್ಬಿಣ ಹಾಗೂ 1,000 ಮಿಲಿಗ್ರಾಂ ಸುಣ್ಣಾಂಶ ಬೇಕು. ಪುರುಷನಿಗೆ ಕಬ್ಬಿಣ 19 ಮಿಲಿಗ್ರಾಂ ಸಾಕು. ಸುಣ್ಣಾಂಶ ಇಬ್ಬರಿಗೂ ಸಮ. ಪ್ರತಿ ತಿಂಗಳೂ ರಕ್ತಸ್ರಾವವಾಗುವುದರಿಂದ ಸ್ತ್ರೀಯರಿಗೆ ಕಬ್ಬಿಣದ ಅಗತ್ಯ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರ ಪೈಕಿ ದೇಶದಲ್ಲಿ ಶೇ. 57, ಮಹಾರಾಷ್ಟ್ರದಲ್ಲಿ ಶೇ. 54, ಕರ್ನಾಟಕದಲ್ಲಿ ಶೇ. 48ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ಹೊಟ್ಟೆ ತುಂಬ ಉಣ್ಣುವವರ ಸ್ಥಿತಿಯೇ ಹೀಗಿರುವಾಗ, ಊಟ ಕಡಿಮೆ ಮಾಡುವವರು ಎಷ್ಟು ಎಚ್ಚರಿಕೆ ವಹಿಸಬೇಕೆಂಬುದನ್ನು ನೀವೇ ಊಹಿಸಬಹುದು.

ಕ್ಯಾಲರಿಯೊಂದನ್ನೇ ಎಣಿಸುವುದು ಸಾಲದು ಎಂಬುದಕ್ಕೆ ಈ ಪುಣೆಯ ಪರಿಸರದಲ್ಲಿಯೇ ನಿದರ್ಶನವಿದೆ. ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯ ಅಧ್ಯಯನವನ್ನು ಆರಂಭಿಸಿದರು. ತಾಯಿಯು ಸೇವಿಸಿದ ಕ್ಯಾಲರಿ ಮತ್ತು ಸಸಾರಜನಕದ ಪ್ರಮಾಣಕ್ಕೂ ಶಿಶುವಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಹಾಲು, ಹಸಿರು ಸೊಪ್ಪು ಹಾಗೂ ಹಣ್ಣುಗಳನ್ನು ಹೆಚ್ಚು ಸಲ ಸೇವಿಸಿದ ತಾಯಂದಿರ ಶಿಶುಗಳು ಹುಟ್ಟುವಾಗ ದೊಡ್ಡವಾಗಿದ್ದವು ಎಂದು 2001ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಎಷ್ಟು ಉಣ್ಣುತ್ತೇವೆ ಎಂಬುದರಷ್ಟೇ ಏನನ್ನು ಉಣ್ಣುತ್ತೇವೆ ಎಂಬುದೂ ಮುಖ್ಯ.

ಮೊದಲು ಸುಣ್ಣಾಂಶವನ್ನು ನೋಡೋಣ. ಊಟದಿಂದ ಇದು ಸಾಲದಿದ್ದರೆ ದೇಹವು ತನ್ನ ಮೂಳೆಗಳಿಂದಲೇ ಅದನ್ನು ಸೆಳೆದುಕೊಳ್ಳುತ್ತದೆ. ಆ ನಷ್ಟ ವರ್ಷಗಳವರೆಗೆ ಹೊರಗೆ ಕಾಣುವುದಿಲ್ಲ. ಕೆನೆ ತೆಗೆದ ಹಾಲಿನಲ್ಲಿ ಸುಣ್ಣಾಂಶ ಕೆನೆಹಾಲಿನಷ್ಟೇ ಇದ್ದು ಕ್ಯಾಲರಿ ಅರ್ಧಕ್ಕಿಂತ ಕಡಿಮೆ. ಅಂತಹ ಎರಡು ಲೋಟ, ಎಂದರೆ 400 ಮಿಲಿಲೀಟರ್ ಹಾಲಿನಿಂದ ಸುಮಾರು 480 ಮಿಲಿಗ್ರಾಂ ದೊರೆಯುತ್ತದೆ. 60 ಗ್ರಾಂ ರಾಗಿ ಹಿಟ್ಟಿನಿಂದ 200 ಮಿಲಿಗ್ರಾಂಗೂ ಹೆಚ್ಚು, 100 ಗ್ರಾಂ ಮೆಂತ್ಯದ ಸೊಪ್ಪಿನಿಂದ ಸುಮಾರು 270 ಮಿಲಿಗ್ರಾಂ ಲಭಿಸುತ್ತದೆ. ಈ ಮೂರರಿಂದ ಸುಮಾರು 350 ಕಿಲೋ ಕ್ಯಾಲರಿಯಲ್ಲಿ ದಿನದ ಅಗತ್ಯ ಬಹುಮಟ್ಟಿಗೆ ಪೂರೈಸುತ್ತದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಅಧಿಕವಾದ್ದರಿಂದ ಅದರ ಸುಣ್ಣಾಂಶ ದೇಹಕ್ಕೆ ಅಷ್ಟಾಗಿ ದಕ್ಕದು; ಈ ದೃಷ್ಟಿಯಿಂದ ಮೆಂತ್ಯ, ನುಗ್ಗೆ, ಮೂಲಂಗಿ ಸೊಪ್ಪುಗಳು ಮೇಲು. ಸುಣ್ಣಾಂಶ ರಕ್ತಗತವಾಗಲು 'ಡಿ' ಜೀವಸತ್ವ ಬೇಕು. ಅದಕ್ಕಾಗಿ ಮೈಗೆ ಬಿಸಿಲೂ ಬೀಳಬೇಕು.

ಕಬ್ಬಿಣದ ವಿಷಯ ಇಷ್ಟು ಸುಲಭವಲ್ಲ. ಸಸ್ಯಾಹಾರದ ಕಬ್ಬಿಣದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮಾಂಸ, ಮೀನು ಸೇವಿಸುವವರಿಗೆ ಅವುಗಳಲ್ಲಿನ ಕಬ್ಬಿಣ ಸುಲಭವಾಗಿ ದಕ್ಕುತ್ತದೆ. ಸಸ್ಯಾಹಾರಿಗಳಿಗೆ ಸಜ್ಜೆ, ಹುರುಳಿ, ಸೊಪ್ಪು ಮತ್ತು ಬೇಳೆಕಾಳುಗಳೇ ಆಧಾರ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದೆ. ಕಾಳುಗಳನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಪಲ್ಯಕ್ಕೆ ಪಾತ್ರೆಯ ಅಂಶವೂ ಕೂಡಿಕೊಳ್ಳುತ್ತದೆ. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಅವುಗಳ 'ಸಿ' ಜೀವಸತ್ವ ಕಬ್ಬಿಣವನ್ನು ಒಳಸೇರಿಸುತ್ತದೆ. ಪುಣೆಯ ಮನೆಗಳಲ್ಲಿ ಬೆಳಗಿನ ಪೋಹೆಯ ಮೇಲೆ ನಿಂಬೆರಸ ಹಿಂಡುವುದು ಉತ್ತಮ ಪದ್ಧತಿ. ಅದರ ಬೆನ್ನಿಗೇ ಚಹಾ ಕುಡಿಯುವುದು ಆ ಲಾಭವನ್ನು ಕಳೆಯುವ ಪದ್ಧತಿ. ಚಹಾ, ಕಾಫಿಗಳು ಊಟಕ್ಕೆ ಒಂದು ಗಂಟೆಯಾದರೂ ದೂರವಿರಲಿ. ಹಾಲಿನ ಸುಣ್ಣಾಂಶವೂ ಕಬ್ಬಿಣಕ್ಕೆ ಅಡ್ಡಿ. ಆದ್ದರಿಂದ ಸಜ್ಜೆ ರೊಟ್ಟಿ, ಮೊಳಕೆ ಕಾಳು, ಸೊಪ್ಪಿನ ಪಲ್ಯ ಮತ್ತು ನಿಂಬೆ ಮಧ್ಯಾಹ್ನಕ್ಕಿರಲಿ. ರಾಗಿ ಅಂಬಲಿ ಮತ್ತು ಹಾಲು ಬೆಳಿಗ್ಗೆ, ರಾತ್ರಿಗಿರಲಿ.

ಉಪವಾಸದ ಬಗ್ಗೆಯೂ ಒಂದು ಮಾತು. ಏಕಾದಶಿಯಂದು ಇಲ್ಲಿ ಸಾಬೂದಾಣೆಯ ಖಿಚಡಿ ರೂಢಿಯಲ್ಲಿದೆ. ಸಾಬೂದಾಣೆ ಬಹುತೇಕ ಬರಿಯ ಪಿಷ್ಟ. ನೂರು ಗ್ರಾಂಗೆ ಸುಮಾರು 350 ಕಿಲೋ ಕ್ಯಾಲರಿ ಕೊಡುತ್ತದೆ, ಖನಿಜಾಂಶ ಅತ್ಯಲ್ಪ. ಉಪವಾಸಕ್ಕೆ ಸಲ್ಲುವ ರಾಜಗಿರಿ ಕಾಳಿನಲ್ಲಿ ಅಷ್ಟೇ ಕ್ಯಾಲರಿಗೆ ಸುಮಾರು 160 ಮಿಲಿಗ್ರಾಂ ಸುಣ್ಣಾಂಶ, 8 ಮಿಲಿಗ್ರಾಂ ಕಬ್ಬಿಣ ದೊರೆಯುತ್ತವೆ. ವ್ರತವನ್ನು ಬಿಡಬೇಕಾಗಿಲ್ಲ, ಪದಾರ್ಥವನ್ನು ಬದಲಿಸಿದರೆ ಸಾಕು.

ಇಷ್ಟೆಲ್ಲ ಮಾಡಿದರೂ 1,200 ಕಿಲೋ ಕ್ಯಾಲರಿಯ ಸಸ್ಯಾಹಾರದಿಂದ 29 ಮಿಲಿಗ್ರಾಂ ಕಬ್ಬಿಣ ಪಡೆಯುವುದು ಕಷ್ಟ ಎಂಬುದನ್ನು ಮುಚ್ಚಿಡಬಾರದು. ಆದ್ದರಿಂದ ತೂಕ ಇಳಿಸಲು ತೊಡಗುವ ಮುನ್ನ ಸ್ತ್ರೀಯರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಪಡೆಯುವುದು ಅವಶ್ಯಕ. ಆಯಾಸ, ಏದುಸಿರು, ತಲೆಸುತ್ತುಗಳನ್ನು 'ಪಥ್ಯದ ಫಲ' ಎಂದು ಸಹಿಸಿಕೊಳ್ಳುವುದು ಸರಿಯಲ್ಲ. ವೈದ್ಯರು ಕಬ್ಬಿಣದ ಮಾತ್ರೆ ಮತ್ತು ಸುಣ್ಣಾಂಶದ ಮಾತ್ರೆ ಎರಡನ್ನೂ ಬರೆದುಕೊಟ್ಟರೆ ಅವುಗಳನ್ನು ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿಗೆ ಸೇವಿಸಬೇಕು. ಗರ್ಭಿಣಿಯರು, ಬಾಣಂತಿಯರು ಹಾಗೂ ಬೆಳೆಯುವ ಹೆಣ್ಣುಮಕ್ಕಳು ತಾವಾಗಿಯೇ ಊಟ ಕಡಿಮೆ ಮಾಡಕೂಡದು.

ಕಡಿತ ಮಾಡಬೇಕಾದುದು ಸಕ್ಕರೆ, ಕರಿದ ತಿಂಡಿ ಮತ್ತು ಅತಿಯಾದ ಎಣ್ಣೆಯನ್ನು. ರಾಗಿ, ಸೊಪ್ಪು, ಕಾಳು, ಮಜ್ಜಿಗೆಗಳನ್ನಲ್ಲ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ಗೃಹಿಣಿಯ ತಟ್ಟೆಯಲ್ಲಿಯೂ ಇವು ಇರುವಂತೆ ನೋಡಿಕೊಳ್ಳುವುದು ಕುಟುಂಬದ ಪ್ರತಿಯೊಬ್ಬರ ಕರ್ತವ್ಯ.