ಉಡಿಗೆ ತೊಡಿಗೆ: ಈಜಿಪ್ಟು ದೇಶವೂ ನಮ್ಮ ಸೀಮೆಯೂ

ಉಟ್ಟ ಬಟ್ಟೆ, ತೊಟ್ಟ ಒಡವೆಗಳನ್ನು ನೋಡಿ ಮನುಷ್ಯನ ಕಸುಬನ್ನೂ ಅಂತಸ್ತನ್ನೂ ಊಹಿಸುವುದು ಲೋಕರೂಢಿ. ಗತಿಸಿಹೋದ ಜನಾಂಗಗಳ ವಿಷಯದಲ್ಲಿ ಚರಿತ್ರಕಾರರು ಮಾಡುವುದೂ ಇದನ್ನೇ. ಆದರೆ ಕಾಲವು ಉಳಿಸಿಕೊಟ್ಟದ್ದನ್ನು ಮಾತ್ರ ಅವರು ಕಾಣಬಲ್ಲರು. ಈಜಿಪ್ಟಿನಲ್ಲಿ ಏನು ಉಳಿಯಿತು, ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ನಮ್ಮ ಸೀಮೆಯಲ್ಲಿ ಏನು ಅಳಿಯಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಪ್ರಾಚೀನ ಈಜಿಪ್ಟಿನವರು ಅಗಸೆಯ ನಾರಿನ ಬಟ್ಟೆಯನ್ನು ಉಡುತ್ತಿದ್ದರು. ನೂಲು ನಯವಾದಷ್ಟೂ ಉಟ್ಟವರ ಪದವಿ ದೊಡ್ಡದು. ಅಲ್ಲಿನ ಮರಳು ಒಣಗಿದುದಾದ್ದರಿಂದ ನೂಲೂ ಕೊಳೆಯದೆ ಉಳಿದಿದೆ. ತಾರ್ಖಾನ್ ಎಂಬ ಸ್ಥಳದಲ್ಲಿ 1913ರಲ್ಲಿ ದೊರೆತ ಬಟ್ಟೆಗಳ ಗಂಟಿನೊಳಗೆ ಒಂದು ಅಂಗಿಯಿದ್ದುದು 1977ರಲ್ಲಿ ಬೆಳಕಿಗೆ ಬಂದಿತು; ಅದು ಐದು ಸಾವಿರ ವರ್ಷಗಳಿಗಿಂತಲೂ ಹಿಂದಿನದು. 1922ರಲ್ಲಿ ತೆರೆದ ತುತಂಖಾಮುನ್ ದೊರೆಯ ಗೋರಿಯಲ್ಲಿ ಚಿನ್ನದ ಮುಖವಾಡದೊಡನೆ ಅವನ ಉಡುಪುಗಳೂ ಕಂಡುಬಂದುವು. ದೊರೆಗಳು ಬದಕ್‌ಷಾನಿನಿಂದ ಬಂದ ನೀಲಿಯ ಕಲ್ಲನ್ನು ಧರಿಸಿದರೆ, ಬಡವರು ಬೆಣಚುಕಲ್ಲಿನ ಪುಡಿಯನ್ನು ಸುಟ್ಟು ಮಾಡಿದ ನೀಲಿಯ ಮಣಿಗಳಿಂದ ತೃಪ್ತಿಪಡುತ್ತಿದ್ದರು. ಸತ್ತವರಿಗೆ ಪರಲೋಕದಲ್ಲಿ ಬೇಕಾಗುವುದೆಂದು ಇವೆಲ್ಲವನ್ನೂ ಅವರೊಡನೆಯೇ ಹೂಳುತ್ತಿದ್ದರು.

ನಮ್ಮ ನಾಡಿನ ಪೂರ್ವಿಕರಲ್ಲಿಯೂ ಇಂತಹ ಪದ್ಧತಿಯುಂಟು. ಪಾವಗಡದ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ವೀಲರ್ ಅವರು 1947ರಲ್ಲಿ ನಡೆಸಿದ ಅಗೆತದಲ್ಲಿ ಕಲ್ಲುಗೋರಿಗಳೂ ಮಣಿಗಳೂ ದೊರೆತುವು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ನವಶಿಲಾಯುಗದವರ ಚಿನ್ನದ ಒಡವೆಯೇ ಸಿಕ್ಕಿತು. ಕಬ್ಬಿಣವನ್ನರಿಯದ ಜನ ಚಿನ್ನವನ್ನು ಬಲ್ಲವರಾಗಿದ್ದರು! ಆದರೆ ಅವರು ಉಟ್ಟ ಬಟ್ಟೆಯ ಒಂದೆಳೆಯೂ ನಮಗೆ ಉಳಿದಿಲ್ಲ. ಮಳೆಯೂ ಗೆದ್ದಲೂ ಅದನ್ನು ತಿಂದುವು.

ಮುಂದಿನ ಕಾಲಕ್ಕೆ ನಮಗಿರುವ ಆಧಾರಗಳು ಗ್ರಂಥ ಮತ್ತು ಶಿಲ್ಪ. ಕಲ್ಯಾಣದ ಚಾಳುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜನ ವಸ್ತ್ರಭೋಗ, ಭೂಷಾಭೋಗಗಳನ್ನು ವಿಸ್ತಾರವಾಗಿ ಹೇಳುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಮದನಿಕೆಯರ ಮೈಮೇಲೆ ಹಾರ, ಕಡಗ, ಡಾಬು, ಗೆಜ್ಜೆಗಳೆಲ್ಲ ಮೃದುವಾದ ಬಳಪದ ಕಲ್ಲಿನಲ್ಲಿ ಮೂಡಿವೆ. ಆದರೆ ಒಂದನ್ನು ಮರೆಯಲಾಗದು: ಗ್ರಂಥವು ಅರಸನದು, ಶಿಲ್ಪವು ದೇವತೆಯರದು, ನರ್ತಕಿಯರದು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿನ ಕೊರಳಿನಲ್ಲಿ ಏನಿತ್ತೆಂಬುದನ್ನು ಇವೆರಡೂ ಹೇಳುವುದಿಲ್ಲ.

ನಮ್ಮ ಸೀಮೆಯ ಕಂಬಳಿಯನ್ನೇ ನೋಡಿರಿ. ಈ ಒಣ ಬಯಲಿನಲ್ಲಿ ಕುರುಬರು ಕುರಿ ಕಾಯ್ದು, ಉಣ್ಣೆ ಕತ್ತರಿಸಿ, ನೂತು, ನೆಯ್ದ ಕಂಬಳಿಯು ಮಳೆಗೆ ಗೊಪ್ಪೆ, ಚಳಿಗೆ ಹೊದಿಕೆ, ರಾತ್ರಿಗೆ ಹಾಸಿಗೆ. ಈಜಿಪ್ಟಿನವರು ಉಣ್ಣೆಯನ್ನು ದೇವಾಲಯದೊಳಕ್ಕೆ ತರುತ್ತಿರಲಿಲ್ಲ, ಅದರೊಡನೆ ಹೆಣವನ್ನು ಹೂಳುತ್ತಿರಲಿಲ್ಲ ಎಂದು ಗ್ರೀಕರ ಹೆರೊಡೊಟಸನು ಬರೆದಿರುವನು. ನಮ್ಮಲ್ಲಾದರೋ ಕಂಬಳಿಯನ್ನು ಹಾಸಿ ಗದ್ದಿಗೆಮಾಡಿ ದೇವರನ್ನು ಪೂಜಿಸುವ ಸಂಪ್ರದಾಯವಿದೆ. ಒಂದು ದೇಶದ ಮೈಲಿಗೆ ಮತ್ತೊಂದು ದೇಶದ ಮಡಿ!

ಇನ್ನು ಒಡವೆಯ ಮಾತು. ಈಗ ನಮ್ಮಲ್ಲಿ ಅದು ಸತ್ತವರೊಡನೆ ಹೋಗುವುದಿಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುತ್ತದೆ. ಇದು ಬಾಳುವವರ ವಿವೇಕವೆಂದೇ ಹೇಳಬೇಕು. ಆದರೆ ಕೈಗೆ ಬಂದ ಒಡವೆ ಹಾಗೆಯೇ ಉಳಿಯುವುದಿಲ್ಲ. ಬುಗುಡಿ, ಬಾವುಲಿ, ಅಡ್ಡಿಕೆ, ವಂಕಿಗಳು ಅಕ್ಕಸಾಲಿಯ ಮೂಸೆಯಲ್ಲಿ ಕರಗಿ ಹೊಸ ಮಾದರಿಯ ಸರಗಳಾಗುತ್ತವೆ. ಬರ ಬಂದರೆ ಅದೂ ಇಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನ ಅನ್ನಕ್ಕಾಗಿ ಒಡವೆಗಳನ್ನು ಮಾರಿಕೊಂಡರು. ಮಳೆಯನ್ನು ನಂಬಿದ ಊರಿನಲ್ಲಿ ಒಡವೆಯೆಂಬುದು ಅಲಂಕಾರಕ್ಕಿಂತ ಮೊದಲು ಆಪದ್ಧನ. ಹೀಗಿರುವಾಗ ಅದನ್ನು ಕರಗಿಸಬೇಡಿರಿ, ಮಾರಬೇಡಿರಿ ಎಂದು ಉಪದೇಶಿಸುವುದು ನ್ಯಾಯವಲ್ಲ.

ನಮ್ಮ ಬಿನ್ನಹ ಅದಕ್ಕಿಂತ ಸಣ್ಣದು. ಅಜ್ಜಿಯ ಒಡವೆಯೊಂದನ್ನು ಮೂಸೆಗೆ ಕಳುಹಿಸುವ ಮುನ್ನ ಅದರ ಚಿತ್ರವನ್ನು ತೆಗೆಯಿಸಿರಿ. ಅದರ ಹೆಸರೇನು, ತೂಕವೆಷ್ಟು, ಯಾರು ಯಾವ ಸಮಯದಲ್ಲಿ ತೊಡುತ್ತಿದ್ದರು ಎಂಬುದನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆದಿಡಿರಿ. ಚಿನ್ನದ ಒಡವೆಯಿಲ್ಲದ ಮನೆಯಾದರೆ ಬೆಳ್ಳಿಯ ಕಾಲುಂಗುರವನ್ನೋ, ಕರಿಮಣಿಯ ಸರವನ್ನೋ, ಹಳೆಯ ಕಂಬಳಿಯ ಅಂಚನ್ನೋ ಕುರಿತು ಬರೆಯಿರಿ. ಇದಕ್ಕೆ ಖರ್ಚು ಒಂದು ಹಾಳೆ ಕಾಗದ, ಒಂದು ಗಳಿಗೆಯ ಹೊತ್ತು.

ಈಜಿಪ್ಟಿನವರ ಸಾಕ್ಷ್ಯವನ್ನು ಅಲ್ಲಿನ ಮರಳು ಕಾದಿಟ್ಟಿತು. ಸುವರ್ಣಮುಖಿಯ ದಡದ ನಮ್ಮ ಮಣ್ಣಿಗೆ ಆ ಗುಣವಿಲ್ಲ. ಆದಕಾರಣ ಆ ಕೆಲಸವನ್ನು ನಾವೇ ಮಾಡಬೇಕಾಗಿದೆ; ಹೆಸರುಗಳನ್ನು ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಮಾಡಬೇಕಾಗಿದೆ.