ಕಾರ್-ಟಿ ಚಿಕಿತ್ಸೆ: ಶಕ್ತಿಗೊಂದು ಕಡಿವಾಣ



ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಕೆಲಸದವಳು. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನಮ್ಮದೇ ಮುಂಬಯಿಯಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಕೆಲವು ಬಗೆಯ ರಕ್ತದ ಕ್ಯಾನ್ಸರ್ ಮರುಕಳಿಸಿದಾಗ ಡಾಕ್ಟರುಗಳು ಈಗ ಈ ಹೆಸರು ಹೇಳುತ್ತಾರೆ. ಮನೆಯವರು ಮೊದಲು ಖರ್ಚು ಕೇಳುತ್ತಾರೆ, ಆಮೇಲೆ "ಅಪಾಯ ಇಲ್ಲ ತಾನೇ?" ಅನ್ನುತ್ತಾರೆ. ಇವತ್ತಿನ ನನ್ನ ಮಾತು ಆ ಎರಡನೇ ಪ್ರಶ್ನೆಯ ಬಗ್ಗೆ.

ರೋಗಿಯ ರಕ್ತದಿಂದಲೇ ಟಿ-ಕಣಗಳನ್ನು ತೆಗೆದು, ಅವುಗಳೊಳಗೆ ಹೊಸದೊಂದು ಜೀನ್ ಸೇರಿಸುತ್ತಾರೆ. ಸಿಡಿ19 ಎಂಬ ಗುರುತು ಹೊತ್ತ ಕಣ ಕಂಡರೆ ಹೊಡೆ ಎಂಬ ಆದೇಶ ಅದರಲ್ಲಿರುತ್ತದೆ. ಆ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮತ್ತೆ ಮೈಗೆ ಹಾಕುತ್ತಾರೆ. ಮಾತ್ರೆಯಾದರೆ ಮೈಯಲ್ಲಿ ಕರಗಿ ಹೋಗುತ್ತದೆ. ಈ ಕಣಗಳು ಒಳಗೆ ಹೋದ ಮೇಲೂ ಹೆಚ್ಚುತ್ತವೆ. ಚಿಕಿತ್ಸೆಯ ಶಕ್ತಿಯೂ ಅದೇ, ಅಪಾಯವೂ ಅದೇ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಈ ಚಿಕಿತ್ಸೆ ಕೊಟ್ಟರು. ವಿಪರೀತ ಜ್ವರ ಬಂದು ಮಗು ವೆಂಟಿಲೇಟರ್ ಸೇರಿತು. ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಅಂಶ ಬಹಳ ಏರಿತ್ತು. ಇದನ್ನೇ ಸೈಟೊಕೈನ್ ಬಿರುಗಾಳಿ ಅನ್ನುತ್ತಾರೆ. ವಿಜ್ಞಾನಿ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತ ಇದ್ದುದರಿಂದ, ಆ ಅಂಶವನ್ನು ತಡೆಯುವ ಟೊಸಿಲಿಜುಮಾಬ್ ಔಷಧ ಅವರಿಗೆ ಗೊತ್ತಿತ್ತು. ಅದನ್ನು ಕೊಟ್ಟ ಮೇಲೆ ಎಮಿಲಿ ಬೇಗ ಚೇತರಿಸಿಕೊಂಡಳು, ಕ್ಯಾನ್ಸರೂ ಹೋಯಿತು. 2017ರಲ್ಲಿ ಅಮೆರಿಕ ಮೊದಲ ಕಾರ್-ಟಿಗೆ ಒಪ್ಪಿಗೆ ಕೊಟ್ಟ ದಿನವೇ ಈ ಬಿರುಗಾಳಿಗೆ ಈ ಔಷಧ ಬಳಸಲೂ ಒಪ್ಪಿಗೆ ಕೊಟ್ಟಿತು.

ಬಿರುಗಾಳಿ ಎದ್ದ ಮೇಲೆ ಔಷಧ ಕೊಡುವುದು ಒಂದು ದಾರಿ. ಏಳದಂತೆ ನೋಡಿಕೊಳ್ಳುವುದು ಇನ್ನೊಂದು. ಮುಂಬಯಿಯ ಚಿಕಿತ್ಸೆಯಲ್ಲಿ ಕಣದ ಮೇಲಿನ ಇಲಿ ಮೂಲದ ಭಾಗವನ್ನು ಮನುಷ್ಯರದಕ್ಕೆ ಹತ್ತಿರವಾಗಿ ಬದಲಿಸಿದ್ದಾರೆ. ಪ್ರಯೋಗದಲ್ಲಿ ತೀವ್ರ ಬಿರುಗಾಳಿ ಕೆಲವರಿಗಷ್ಟೇ ಬಂತು. ಹಾಗೆಂದು ಅಪಾಯ ಸೊನ್ನೆಯಾಗಲಿಲ್ಲ. ಬಾರ್ಸಿಲೋನಾದ ವೈದ್ಯರು ಪೂರ್ತಿ ಪ್ರಮಾಣವನ್ನು ಒಮ್ಮೆಲೇ ಕೊಡದೆ, ಶೇ. 10, 30, 60 ಎಂದು ಮೂರು ಕಂತು ಮಾಡಿದರು. ಮೊದಲ ಕಂತಿಗೇ ತೊಂದರೆಯಾದರೆ ಮುಂದಿನದನ್ನು ತಡೆಯಬಹುದು. ನಾವು ಹೊಸ ಆವೃತ್ತಿಯನ್ನು ಮೊದಲು ಕೆಲವೇ ಜನರಿಗೆ ಬಿಡುವುದೂ ಇದೇ ಲೆಕ್ಕದಲ್ಲಿ. ಬೇಕಾದಾಗ ಕಣಗಳನ್ನೇ ಸಾಯಿಸುವ ಜೀನ್ ಸ್ವಿಚ್ಚುಗಳೂ ಬಂದಿವೆ. ಆದರೆ ಸ್ವಿಚ್ಚು ಒತ್ತಿದರೆ ಚಿಕಿತ್ಸೆಯನ್ನೂ ಕಳೆದುಕೊಂಡಂತೆ.

ಇನ್ನೊಂದು ಅಪಾಯ ಮಿದುಳಿನದು. ಅಲ್ಲಿಗೆ ಟೊಸಿಲಿಜುಮಾಬ್ ಅಷ್ಟಾಗಿ ತಲುಪದು, ಸ್ಟೀರಾಯ್ಡ್ ಬೇಕಾಗುತ್ತದೆ. ಇದನ್ನು ಬೇಗ ಹಿಡಿಯುವ ಪರೀಕ್ಷೆ ತೀರಾ ಸರಳ. ರೋಗಿಯಿಂದ ದಿನವೂ ಒಂದು ವಾಕ್ಯ ಬರೆಸುತ್ತಾರೆ, ನೂರರಿಂದ ಹತ್ತತ್ತು ಇಳಿಸುತ್ತಾ ಎಣಿಸಲು ಹೇಳುತ್ತಾರೆ, ಎದುರಿನ ವಸ್ತುಗಳ ಹೆಸರು ಕೇಳುತ್ತಾರೆ. ನಿನ್ನೆಯ ದುಂಡನೆಯ ಅಕ್ಷರ ಇವತ್ತು ಸೊಟ್ಟಗಾದರೆ ಅದೇ ಎಚ್ಚರಿಕೆ.

ಹೊರನಾಡಿನ ನಾವು ಇಲ್ಲಿ ಯೋಚಿಸಬೇಕು. ಕನ್ನಡ ಮಾತ್ರ ಬಲ್ಲ ಅತ್ತೆಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ, ಆಕೆ ತಡವರಿಸಿದ್ದು ಕಾಯಿಲೆಯಿಂದಲೋ ಭಾಷೆಯಿಂದಲೋ ತಿಳಿಯುವುದು ಹೇಗೆ? ಆದ್ದರಿಂದ ಚಿಕಿತ್ಸೆಗೆ ಮುಂಚೆಯೇ ಡಾಕ್ಟರಿಗೆ ಹೇಳಿ, ಕನ್ನಡದಲ್ಲೇ ಒಂದು ವಾಕ್ಯ ಬರೆಸಿ ಇಟ್ಟುಕೊಳ್ಳಿ. ಪರೀಕ್ಷೆಯ ಹೊತ್ತಿಗೆ ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲಿರಿ. ಮನೆಗೆ ಬಂದ ಮೇಲೆ ಜ್ವರ ಬಂದರೆ, ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯುವ ನಮ್ಮ ರೂಢಿ ಬೇಡ. ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ.

"ಅಪಾಯ ಇಲ್ಲ ತಾನೇ?" ಎಂದು ಕೇಳುವ ಬದಲು "ಅಪಾಯ ಬಂದರೆ ರಾತ್ರಿ ಎರಡು ಗಂಟೆಗೆ ಏನು ಮಾಡುತ್ತೀರಿ? ಐಸಿಯು ಇದೆಯೇ? ಔಷಧ ದಾಸ್ತಾನಿದೆಯೇ?" ಎಂದು ಕೇಳೋಣ. ರೋಗಿಯ ಪಕ್ಕ ಕೂರುವವರು ಹೆಚ್ಚಾಗಿ ನಾವೇ. ಕೇಳುವ ಹಕ್ಕೂ ನಮ್ಮದೇ.