ಎದೆ ಡವಗುಟ್ಟುವುದು ಹೇಡಿತನವಲ್ಲ

(ತಾಲ್ಲೂಕು ಕಬಡ್ಡಿ ಪಂದ್ಯಗಳ ಮುನ್ನಾದಿನ ಸಂಜೆ ಆಟಗಾರರು, ಅವರ ತಂದೆತಾಯಿಗಳು ಮತ್ತು ಉಪಾಧ್ಯಾಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಆಟದ ನಿಯಮಗಳನ್ನು ಹೇಳಿಕೊಡಲು ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ನಾವು ಮಾತನಾಡಬೇಕೆಂದಿರುವುದು, ಮೈದಾನದಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನು ಕುರಿತು. ನಾಳೆ ಬೆಳಿಗ್ಗೆ ಶೀಟಿ ಊದುವುದಕ್ಕೆ ಮೊದಲು ನಿಮ್ಮಲ್ಲಿ ಅನೇಕರ ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸಿದಂತಾಗುತ್ತದೆ. ಪಕ್ಕದಲ್ಲಿರುವ ಗೆಳೆಯನಿಗೆ ಇದನ್ನು ಹೇಳಲು ನಾಚಿಕೆ. ಹೇಳಿದರೆ ಅಂಜುಬುರುಕನೆಂಬ ಹೆಸರು ಗಂಟುಬೀಳುತ್ತದೆ. ಆ ಗೆಳೆಯನ ಹೊಟ್ಟೆಯೂ ಹಾಗೆಯೇ ತೊಳಸುತ್ತಿರುತ್ತದೆ, ಅವನೂ ಹೇಳುವುದಿಲ್ಲ!

ಇದು ಹೇಡಿತನವೇ? ಖಂಡಿತ ಅಲ್ಲ. ದೊಡ್ಡ ಕೆಲಸವೊಂದು ಎದುರಿಗೆ ನಿಂತಾಗ ನಮ್ಮ ಮೂತ್ರಪಿಂಡಗಳ ಮೇಲೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಬೇಗಬೇಗ ಬಡಿಯುತ್ತದೆ, ಜೀರ್ಣಕ್ಕೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೊಟ್ಟೆಯಲ್ಲಿ ಸಂಕಟವಾಗುವುದು ಅದಕ್ಕೇ. ದೇಹ ತಾನಾಗಿಯೇ ಸಜ್ಜಾಗುತ್ತಿದೆ ಎಂದು ತಿಳಿಯಿರಿ. ಎದೆ ಸ್ವಲ್ಪವೂ ಡವಗುಟ್ಟದ ಆಟಗಾರ ಚೆನ್ನಾಗಿ ಆಡಲಾರ. ಆದರೆ ಇದು ಸಾರಿಗೆ ಹಾಕುವ ಉಪ್ಪಿನಂತೆ. ಕಡಿಮೆಯಾದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು. 1908ರಲ್ಲಿ ಅಮೆರಿಕದ ಯೆರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡುದೂ ಹೆಚ್ಚುಕಡಿಮೆ ಇದನ್ನೇ. ಕೆಲಸ ಕಷ್ಟದ್ದಾದಷ್ಟೂ ಮಿತಿಮೀರಿದ ಪೆಟ್ಟು ಕಲಿಕೆಯನ್ನು ಕೆಡಿಸುತ್ತದೆ.

ಅದಕ್ಕೂ ಹತ್ತು ವರ್ಷ ಹಿಂದೆ, 1898ರಲ್ಲಿ, ಅದೇ ದೇಶದ ನಾರ್ಮನ್ ಟ್ರಿಪ್ಲೆಟ್ ಎಂಬಾತ ಸೈಕಲ್ ಪಂದ್ಯಗಳ ದಾಖಲೆಗಳನ್ನು ನೋಡುತ್ತ, ಒಬ್ಬನೇ ಗಡಿಯಾರದೊಡನೆ ಓಡಿಸುವವನಿಗಿಂತ ಜೊತೆಗಾರರೊಡನೆ ಓಡಿಸುವವನು ವೇಗವಾಗಿ ಹೋಗುವುದನ್ನು ಗಮನಿಸಿದ. ನಿಜವೋ ಸುಳ್ಳೋ ನೋಡೋಣವೆಂದು 40 ಮಕ್ಕಳನ್ನು ಕೂರಿಸಿ, ಮೀನಿನ ಗಾಳದ ರಾಟೆಯನ್ನು ಒಮ್ಮೆ ಒಂಟಿಯಾಗಿ, ಒಮ್ಮೆ ಜೋಡಿಯಾಗಿ ಸುತ್ತಿಸಿದ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆಯುವುದು ಪೈಪೋಟಿಯಿಂದ ಮಕ್ಕಳ ವೇಗ ಹೆಚ್ಚಿತು ಎಂದಷ್ಟೇ. ಆದರೆ ಹೆಚ್ಚಿದ್ದು ಅರ್ಧದಷ್ಟು ಮಕ್ಕಳದು ಮಾತ್ರ. ಕಾಲು ಭಾಗದ ಮಕ್ಕಳಿಗೆ ಪೈಪೋಟಿಯಿಂದ ಏನೂ ಆಗಲಿಲ್ಲ. ಉಳಿದ ಕಾಲು ಭಾಗ ಆತುರಕ್ಕೆ ಸಿಕ್ಕಿ, ಕೈ ಬಿಗಿದು, ಒಂಟಿಯಾಗಿ ಸುತ್ತಿದ್ದಕ್ಕಿಂತ ಕೆಟ್ಟದಾಗಿ ಸುತ್ತಿದರು. ಉಪಾಧ್ಯಾಯ ಮಿತ್ರರು ಇದನ್ನು ದಯವಿಟ್ಟು ನೆನಪಿಡಬೇಕು. ಗೆರೆಯ ಆಚೆ ನಿಂತು "ಬಿಡಬೇಡ, ಹೊಡಿ, ಹಿಡಿ" ಎಂದು ಎಲ್ಲ ಮಕ್ಕಳಿಗೂ ಒಂದೇ ಸಮನೆ ಕೂಗುವುದು ಎಲ್ಲ ರೋಗಕ್ಕೂ ಒಂದೇ ಕಷಾಯ ಕುಡಿಸಿದಂತೆ.

ಅಂಜಿಕೆ ಹೆಚ್ಚಾದಾಗ ಆಟ ಕೆಡುವುದಾದರೂ ಹೇಗೆ? ನಮ್ಮ ಕಬಡ್ಡಿಯನ್ನೇ ನೋಡಿ. ರೈಡಿಗೆ ಹೋಗುವವನ ಬಂಡವಾಳವೇ ಉಸಿರು. ಭಯ ಮೊದಲು ಕೈಹಾಕುವುದು ಅದೇ ಉಸಿರಿಗೆ. ಹೊಟ್ಟೆಯವರೆಗೆ ಇಳಿಯಬೇಕಾದ ಉಸಿರು ಎದೆಯ ಮೇಲುಭಾಗದಲ್ಲೇ ಸಿಕ್ಕಿಕೊಂಡು, ಮೂವತ್ತು ಸೆಕೆಂಡು ನಿಲ್ಲಬೇಕಾದ ಕಬಡ್ಡಿ ಕಬಡ್ಡಿ ಎಂಬ ಧ್ವನಿ ಮಧ್ಯದಲ್ಲೇ ಒಡೆಯುತ್ತದೆ. ಎರಡನೆಯದಾಗಿ, ಕಣ್ಣಿನ ಹರವು ಕಿರಿದಾಗುತ್ತದೆ. ಎದುರಿಗಿರುವವನು ಕಾಣುತ್ತಾನೆ, ಮೂಲೆಯಲ್ಲಿ ಕೈಕೈ ಹಿಡಿದು ಬಳಸಿ ಬರುತ್ತಿರುವ ಜೋಡಿ ಕಾಣುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ಸಾವಿರ ಸಲ ಮಾಡಿ ಮೈಗೂಡಿದ ಕೆಲಸವನ್ನು ಮನಸ್ಸು ಮತ್ತೆ ಲೆಕ್ಕ ಹಾಕಲು ತೊಡಗುತ್ತದೆ. ಬಾವಿಯ ಮೆಟ್ಟಿಲನ್ನು ದಿನಾ ಇಳಿಯುವ ಹೆಂಗಸು ಯಾವ ಕಾಲು ಮೊದಲು ಇಡಲಿ ಎಂದು ಯೋಚಿಸಿದಳೆಂದರೆ ಎಡವಿದಳೆಂದೇ ಅರ್ಥ. ಅಮೆರಿಕದ ರಾಯ್ ಬಾಮೈಸ್ಟರ್ 1984ರಲ್ಲಿ, ಆಮೇಲೆ ಸಯಾನ್ ಬೈಲಾಕ್ ಗಾಲ್ಫ್ ಆಟಗಾರರೊಡನೆ, ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆದ್ದರಿಂದ ರೈಡಿಗೆ ಹೊರಟವನ ಬೆನ್ನಿಗೆ "ಎಡಗಾಲು ಹಾಕು, ಮೊಣಕೈ ಮಡಚು" ಎಂದು ಹತ್ತು ಸೂಚನೆಗಳನ್ನು ಕೊಡುವವರು ಅವನಿಗೆ ಉಪಕಾರ ಮಾಡುತ್ತಿಲ್ಲ. ಕಲಿಸುವುದನ್ನು ಕಳೆದ ತಿಂಗಳು ಕಲಿಸಬೇಕಾಗಿತ್ತು.

ಫಲವನ್ನು ಯಾವ ಬಗೆಯಲ್ಲಿ ಎದುರಿಗಿಡುತ್ತೇವೆ ಎಂಬುದರ ಮೇಲೂ ಆಟ ನಿಂತಿದೆ. ಫುಟ್‌ಬಾಲಿನಲ್ಲಿ ಪಂದ್ಯ ಸಮವಾದಾಗ ಪೆನಾಲ್ಟಿ ಒದೆಯುತ್ತಾರಲ್ಲ, ಅದನ್ನು ನಾರ್ವೆಯ ಗೀರ್ ಯೋರ್ಡೆಟ್ ಎಂಬ ವಿದ್ವಾಂಸ ವರ್ಷಗಟ್ಟಲೆ ಪರಿಶೀಲಿಸಿದ್ದಾನೆ. ಹೊಡೆದರೆ ಗೆಲುವು ಎಂಬ ಘಳಿಗೆಯಲ್ಲಿ ಗೋಲು ಸೇರುವಷ್ಟು, ತಪ್ಪಿದರೆ ಸೋಲು ಎಂಬ ಘಳಿಗೆಯಲ್ಲಿ ಸೇರುವುದಿಲ್ಲ. ಚೆಂಡು ಅದೇ, ದೂರವೂ ಅದೇ, ಕಾಲೂ ಅದೇ. ನಮ್ಮಲ್ಲಿಯೂ ಎರಡು ರೈಡು ಬರಿದಾಗಿ ಮೂರನೆಯದಕ್ಕೆ ಹೋಗುವವನ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ಕಹಿಯಾದ ಮಾತಿಗೆ ಬರೋಣ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಗದ್ದೆಯ ಬದುವಿನ ಮೇಲೆ ಓಡಿದನೆಂದರೆ ನಾಯಿಗೂ ಸಿಕ್ಕುತ್ತಿರಲಿಲ್ಲ. ಜಿಲ್ಲಾ ಮಟ್ಟದ ಓಟಕ್ಕೆ ಹೊರಟ ದಿನ ಅವನ ತಂದೆ ಬಸ್ಸಿನ ಹತ್ತಿರ ಬಂದು, "ಗೆದ್ರೆ ಹಾಸ್ಟೆಲ್ ಸೀಟು ಸಿಗ್ತದಂತೆ ಮಗಾ. ಸೋತ್ರೆ ಸೋಮವಾರದಿಂದ ನನ್ ಜೊತೆ ಕೂಲಿಗೆ ಬಾ" ಎಂದರು. ಓಟದ ಗೆರೆಯ ಬಳಿ ಹುಡುಗ ವಾಂತಿ ಮಾಡಿಕೊಂಡ. ಅಲ್ಲಿದ್ದ ಯಾರೋ ಒಬ್ಬ ಅಧಿಕಾರಿ ನಕ್ಕರು. ಆರನೆಯವನಾಗಿ ಬಂದ. ಆ ತಂದೆಯನ್ನು ಕೆಟ್ಟವರೆನ್ನಲು ನಮ್ಮಿಂದಾಗದು, ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಳ್ಳವರ ಮಗ ಓಟದಲ್ಲಿ ಸೋತರೆ ಮನೆಗೆ ಹೋಗಿ ಊಟ ಮಾಡುತ್ತಾನೆ. ಈ ಹುಡುಗನ ಕಾಲಿಗೆ ಮಾತ್ರ ಇಡೀ ಮನೆಯ ಭಾರ ಕಟ್ಟಿತ್ತು. ಪೊಲೀಸಿನಲ್ಲಿ, ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕೆಲಸ ಸಿಕ್ಕೀತೆಂಬ ಒಂದೇ ಆಸೆಯ ಮೇಲೆ ಆಡುವ ಎಷ್ಟು ಮಕ್ಕಳು ಈ ಸಭೆಯಲ್ಲಿಯೇ ಇಲ್ಲ? ಅವರಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಬರಿಯ ಉಪದೇಶ ಕೊಡುವುದು ಸುಲಭ.

ಹಾಗೆಂದು ಹಣವಿದ್ದವರಿಗೆ ಈ ಸಂಕಟವೇ ಇಲ್ಲವೆಂದೂ ಅಲ್ಲ. ಅಭಿನವ್ ಬಿಂದ್ರಾ ಸಿರಿವಂತ ಮನೆಯವರು, ಗುರಿ ಹೊಡೆಯುವ ಅಂಗಳವನ್ನು ತಂದೆ ಮನೆಯಲ್ಲಿಯೇ ಕಟ್ಟಿಸಿಕೊಟ್ಟಿದ್ದರು. 2004ರಲ್ಲಿ ಅಥೆನ್ಸಿನ ಅಂತಿಮ ಸುತ್ತಿನಲ್ಲಿ ಏಳನೆಯವರಾದರು. ಆಮೇಲೆ ಬೀಜಿಂಗಿನ ಬೆಳಕು, ನೆರಳುಗಳು ಹೊಸದೆನಿಸಬಾರದೆಂದು ಒಂದು ಮದುವೆ ಛತ್ರವನ್ನೇ ಬಾಡಿಗೆಗೆ ಹಿಡಿದು ಒಲಿಂಪಿಕ್ ಅಂಗಳದಂತೆ ಸಜ್ಜುಗೊಳಿಸಿ ಅಭ್ಯಾಸ ಮಾಡಿದರು. 2008ರ ಆಗಸ್ಟ್ 11ರಂದು ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತದ ಮೊಟ್ಟಮೊದಲ ಚಿನ್ನ ಗೆದ್ದರು. ಗೆದ್ದ ಮೇಲೆ ಏನಾಯಿತು? ಬದುಕಿನಲ್ಲಿ ಇನ್ನೇನಿದೆ ಎಂಬ ಖಾಲಿತನ ಕವಿದು, ಖಿನ್ನತೆಗೆ ಬಿದ್ದುದಾಗಿ ಅವರೇ ಬಹಿರಂಗವಾಗಿ ಹೇಳಿದ್ದಾರೆ. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2007ರ ಇಪ್ಪತ್ತು ಓವರುಗಳ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಅದಾಗಿ ಎರಡೇ ವರ್ಷಕ್ಕೆ, 2009ರಿಂದ 2011ರ ತನಕ, ಸಾಯಬೇಕೆಂಬ ಯೋಚನೆ ತಮ್ಮನ್ನು ದಿನವೂ ಕಾಡಿತೆಂದು 2020ರಲ್ಲಿ ಹೇಳಿದರು. ಇಂಥ ಮಾತನ್ನು ನಾಲ್ಕು ಜನರೆದುರು ಹೇಳಲು ಬೌನ್ಸರ್ ಎದುರಿಸುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಪಿ. ಟಿ. ಉಷಾ ಅವರ ಕಥೆ ಎಲ್ಲರಿಗೂ ಗೊತ್ತಿದೆ. 1984ರಲ್ಲಿ ಲಾಸ್ ಏಂಜಲೀಸಿನ 400 ಮೀಟರ್ ಹರ್ಡಲ್ಸಿನಲ್ಲಿ ಒಂದು ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚು ತಪ್ಪಿತು. ಮೊದಲ ಸಲ ಓಟ ಹೊರಟಾಗ ಇನ್ನೊಬ್ಬಾಕೆಯ ತಪ್ಪಿಗೆ ಎಲ್ಲರನ್ನೂ ಹಿಂದಕ್ಕೆ ಕರೆದದ್ದರಿಂದ ತಮ್ಮ ಲಯ ಕೆಟ್ಟಿತೆಂದು ಅವರು ಹೇಳಿದ್ದಾರೆ. ಇಪ್ಪತ್ತು ವರ್ಷದ ಹುಡುಗಿ, ಕಣ್ಣು ಮಿಟುಕಿಸುವುದಕ್ಕೂ ಸಾಲದ ಹೊತ್ತು.

ಸೋಲನ್ನು ಜನ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದಕ್ಕೆ ಬ್ರೆಜಿಲಿನ ಗೋಲ್‌ಕೀಪರ್ ಬಾರ್ಬೋಸಾನಿಗಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ. 1950ರ ಜುಲೈ 16, ರಿಯೋ ನಗರದ ಮರಕಾನಾ ಮೈದಾನ, ಸುಮಾರು ಎರಡು ಲಕ್ಷ ಜನ. ಸಮ ಮಾಡಿಕೊಂಡಿದ್ದರೂ ವಿಶ್ವಕಪ್ ಬ್ರೆಜಿಲಿನದಾಗುತ್ತಿತ್ತು. ಉರುಗ್ವೆ 2–1ರಿಂದ ಗೆದ್ದಿತು. ಹನ್ನೊಂದು ಜನ ಆಡಿದ ಆಟದ ಸೋಲನ್ನು ಈ ಒಬ್ಬ ಕಪ್ಪು ಮನುಷ್ಯನ ತಲೆಗೆ ಕಟ್ಟಿದರು. ಬ್ರೆಜಿಲಿನಲ್ಲಿ ಅತಿ ದೊಡ್ಡ ಶಿಕ್ಷೆ 30 ವರ್ಷ, ತಾನು ಮಾಡದ ತಪ್ಪಿಗೆ 50 ವರ್ಷ ಅನುಭವಿಸಿದೆ ಎಂದು ಮುಪ್ಪಿನಲ್ಲಿ ಆತ ಹೇಳಿಕೊಂಡ. 2000ದಲ್ಲಿ ಸತ್ತ. ಬ್ರೆಜಿಲ್ ದೂರದ ದೇಶವೆಂದು ನಾವು ತಲೆಯಾಡಿಸಬಹುದು. ಕಳೆದ ವರ್ಷದ ಪಂದ್ಯದಲ್ಲಿ ಕೊನೆಯ ರೈಡ್ ಕಳೆದ ಹುಡುಗನಿಗೆ ಹೋಟೆಲಿನಲ್ಲಿ ಇಂದಿಗೂ ಅಡ್ಡಹೆಸರಿಟ್ಟು ಕರೆಯುವುದು ಮಾತ್ರ ನಮ್ಮ ಊರಿನಲ್ಲಿಯೇ.

ಇನ್ನು ಸಿಮೋನ್ ಬೈಲ್ಸ್. 2021ರ ಜುಲೈ 27ರಂದು ಟೋಕಿಯೋದಲ್ಲಿ ಹಾರಿದಾಗ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಾದವಳು ಒಂದೂವರೆ ಸುತ್ತಿಗೇ ಇಳಿದಳು. ತನ್ನ ದೇಹ ಎಲ್ಲಿದೆ, ನೆಲ ಎಲ್ಲಿದೆ ಎಂಬ ಅರಿವೇ ತಪ್ಪಿತ್ತು. ಆಕೆ ಅಲ್ಲಿಗೇ ಹಿಂದೆ ಸರಿದಳು. ಹೇಡಿ ಎಂದವರು ಎಷ್ಟೋ ಜನ, ಕುರ್ಚಿಯಲ್ಲಿ ಕುಳಿತವರು. ಆ ಸ್ಥಿತಿಯಲ್ಲಿ ಹಾರಿದ್ದರೆ ಕುತ್ತಿಗೆ ಮುರಿಯಬಹುದಾಗಿತ್ತು. ವಾರದೊಳಗೆ ಬೀಮ್ ಮೇಲೆ ಕಂಚು ಗೆದ್ದಳು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ.

ಈಕೆಯನ್ನೂ ಸೇರಿಸಿ ನೂರಾರು ಹುಡುಗಿಯರನ್ನು ತಂಡದ ವೈದ್ಯ ಲ್ಯಾರಿ ನಾಸರ್ ವರ್ಷಗಟ್ಟಲೆ ಕೆಡಿಸಿದ್ದ. ಆತ ಜೈಲು ಸೇರಿದ, ಆದರೆ ದೂರನ್ನು ಕೇಳಿಯೂ ಕೇಳದಂತಿದ್ದವರು ಅನೇಕರು. ನಮ್ಮಲ್ಲಿಯೂ 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮೊದಲಾದ ಕುಸ್ತಿಪಟುಗಳು, ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತರು. ಅಧ್ಯಕ್ಷರು ಆರೋಪವನ್ನು ಅಲ್ಲಗಳೆದರು. ಮೇ 28ರಂದು ಪೊಲೀಸರು ಪಟುಗಳನ್ನು ರಸ್ತೆಯಿಂದ ಎಳೆದೊಯ್ದರು. ತಾಯಂದಿರೇ, ನಿಮ್ಮ ಮಗಳು ಇದ್ದಕ್ಕಿದ್ದಂತೆ ಅಭ್ಯಾಸಕ್ಕೆ ಹೋಗಲಾರೆನೆಂದರೆ ಸೋಮಾರಿಯೆಂದು ಗದರುವ ಮೊದಲು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಇಂಥ ಕಡೆ ಉಸಿರಾಟದ ಅಭ್ಯಾಸ ಉಪಯೋಗಕ್ಕೆ ಬಾರದು, ದೂರು ಕೊಡಬೇಕಾಗುತ್ತದೆ.

ನಾಳೆಗೆ ಬೇಕಾದ ನಾಲ್ಕು ಮಾತು ಹೇಳುತ್ತೇವೆ. ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲವೆಂದು ಗಾಬರಿ ಬೇಡ, ಒಂದು ರಾತ್ರಿಯ ನಿದ್ರೆಗೆಟ್ಟ ಮಾತ್ರಕ್ಕೆ ಆಟ ಮುಳುಗುವುದಿಲ್ಲ. ಗರಡಿಯ ಪೈಲ್ವಾನ್ ಕುಸ್ತಿಗೆ ಮೊದಲು ಮಣ್ಣನ್ನು ಹಣೆಗೆ ಮುಟ್ಟಿಸಿ ತೊಡೆ ತಟ್ಟುತ್ತಾನಲ್ಲ, ಅದು ಬರಿಯ ಭಕ್ತಿಯೂ ಅಲ್ಲ, ಪ್ರದರ್ಶನವೂ ಅಲ್ಲ. ಪ್ರತಿ ಸಲ ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮಾಡಿದಾಗ ಮನಸ್ಸು ಹೊಸ ಜಾಗದಲ್ಲಿಯೂ ಹಳೆಯ ಮನೆಯನ್ನು ಕಂಡುಕೊಳ್ಳುತ್ತದೆ. ನಿಮಗೂ ಅಂಥದೊಂದು ಕ್ರಮವಿರಲಿ. ರೈಡಿಗೆ ಏಳುವ ಮುನ್ನ ಉಸಿರನ್ನು ಹೊಟ್ಟೆಯವರೆಗೆ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಎರಡು ಸಲ ಬಿಡಿ. ಎದುರಾಳಿಯ ಕಾಲನ್ನು ನೋಡಿ, ಫಲಕದ ಅಂಕಗಳನ್ನು ನೋಡಬೇಡಿ. ಸೋತ ಮೇಲೆ ವಾರಗಟ್ಟಲೆ ಊಟ ಸೇರದೆ, ಬದುಕೇ ಬೇಡವೆನಿಸಿದರೆ ಮುಚ್ಚಿಡಬೇಡಿ. 14416 ಎಂಬ ಸಂಖ್ಯೆಗೆ ಫೋನು ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಉಸ್ತುವಾರಿಯಲ್ಲಿ ಆರಂಭಿಸಿದ ಟೆಲಿ ಮಾನಸ್ ಅದು. ಕಾಸು ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಕಡೆಯದಾಗಿ, ನಾಳೆ ಧ್ವನಿವರ್ಧಕ ಹಿಡಿಯುವ ಗೆಳೆಯರಲ್ಲಿ ಒಂದು ಕೋರಿಕೆ. ಅಂಕ ಗಳಿಸಿದವರ ಹೆಸರನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಕೂಗಿ. ಔಟಾದವರ ಹೆಸರನ್ನು, ಅವರ ಊರಿನ ಹೆಸರನ್ನು ಮೈಕಿನಲ್ಲಿ ಹೇಳಬೇಡಿ. ಪಂಚರಲ್ಲಿ ಇದನ್ನು ಈಗಾಗಲೇ ಕೇಳಿದ್ದೇವೆ, ಆಗಬಹುದೆಂದಿದ್ದಾರೆ. ತೂಕ ನೋಡುವುದು ಬೆಳಿಗ್ಗೆ ಎಂಟು ಗಂಟೆಗೆ.